ಎರಡನೇ ಗಂಟೆ

ನಾಲ್ಕು ನಿಮಿಷಕ್ಕೆ ಒಂದು ಪೆಟ್ಟು, ಎಚ್ಚರಿಸೋಕೆ.
ಐದಕ್ಕೆ ಎರಡು, ಕೂರಿಸೋಕೆ.
ಹತ್ತೊಂಬತ್ತು ವರ್ಷದಿಂದ ದಾವಣಗೆರೆಯ ಈ ಕಾಲೇಜಿನ ಹಿತ್ತಾಳೆ ಗಂಟೆ
ನನ್ನ ಕೈಯಲ್ಲೇ ಐತೆ. ಅದನ್ನಿಡೋ ಬೀರುವಿನ ಕೀಲಿ ಬೇರೆಯವರ ಹತ್ರ.

ಈ ಸಲದ ವಿಷಯ ಬೋರ್ಡಿನ ಮೇಲೆ ನಾನೇ ಬರೆದೆ, ಅಕ್ಷರ ಚೆಂದ ಅಂತ:
“ಇವತ್ತಿನ ಏರುಪೇರಿಗೆ ಜಾತಿವ್ಯವಸ್ಥೆಯೇ ಕಾರಣ.”
ಕೆಳಗೆ ಪರ, ಪಕ್ಕದಲ್ಲಿ ವಿರೋಧ.
ನಡುವೆ ಗೆರೆ ಎಳೆಯುವಾಗ ಬಳಪ ಮುರೀತು.

ವಿರೋಧಕ್ಕೆ ವಾಗೀಶ. ಒಳ್ಳೆ ಹುಡುಗ, ನನ್ನನ್ನ ‘ನೀವು’ ಅಂತಾನೆ.
“ಯಾರು ತಡೆದರು, ಹೆಸರು ಹೇಳಿ,” ಅಂದ.
“ಅಜ್ಜನ ಪಾಪಕ್ಕೆ ಮೊಮ್ಮಗ ಎಷ್ಟು ದಿನ ಬಡ್ಡಿ ಕಟ್ಟಬೇಕು?
ಒಂದೇ ಓಣಿ, ಒಂದೇ ಶಾಲೆ,
ಅಣ್ಣ ತಹಸೀಲ್ದಾರ, ತಮ್ಮನಿಗೆ ಇಸ್ಪೀಟು,
ಇದಕ್ಕೆ ಯಾವ ವ್ಯವಸ್ಥೆ?
ನಮ್ಮೂರ ಮಂಡಕ್ಕಿ ಭಟ್ಟಿ ನೋಡಿ,
ಅದೇ ಮರಳು, ಅದೇ ಬೆಂಕಿ.
ಒಂದು ಕಾಳು ಅರಳುತ್ತೆ, ಒಂದು ಮುದುಡಿ ಕೂರುತ್ತೆ.
ಮರಳು ಯಾವತ್ತಾದರೂ ಜಾತಿ ಕೇಳೈತಾ?”

ಚಪ್ಪಾಳೆ. ನಾನೂ ತಟ್ಟಿದೆ, ಖಾಲಿಯಿದ್ದ ಕೈಯಿಂದ ತೊಡೆ ಮೇಲೆ.
ನಮ್ಮಣ್ಣ ಮಂಜೂರಾದ ಸೈಟನ್ನ ಕುಡಿದೇ ಕಳೆದ,
ಅದನ್ನ ಯಾರ ತಲೆಗೆ ಕಟ್ಟಲಿ?

ಪರಕ್ಕೆ ಹಲೀಮಾ.
‘ಇವಳಿಗೇನು ಗೊತ್ತು ಜಾತಿ’ ಅಂತ ಹಿಂದಿನ ಬೆಂಚಿನಿಂದ ಒಂದು ಪಿಸುಮಾತು.
ಬರೆದು ತಂದಿದ್ದ ಹಾಳೆ ಮಡಚಿಟ್ಟಳು.
“ಭಟ್ಟಿ ನಮ್ಮನೆ ಗೋಡೆಗೆ ಅಂಟಿಕೊಂಡೇ ಐತೆ.
ಭತ್ತ ನೇರ ಮರಳಿಗೆ ಬರಲ್ಲ.
ನೆನಸ್ತಾರೆ, ಬೇಯಿಸ್ತಾರೆ, ಒಣಗಿಸ್ತಾರೆ,
ಹೊಟ್ಟು ತೆಗೆದು ಉಪ್ಪುನೀರು ಸವರ್ತಾರೆ.
ಮೋಡ ಕವಿದ ದಿನ ಒಣಗಿದ್ದು
ಮೋಡವನ್ನ ಒಳಗಿಟ್ಟುಕೊಂಡೇ ಬರುತ್ತೆ.
ನೀವೆಲ್ಲ ಬಾಣಲೆ ಮುಂದೆ ನಿಂತು ಕಾಳಿನ ಗುಣ ನೋಡ್ತೀರಿ.
ಒಣಹಾಕೋ ಅಂಗಳಕ್ಕೆ ಯಾರೂ ಬರಲ್ಲ.”

ನಾಲ್ಕಕ್ಕೆ ಒಂದು ಪೆಟ್ಟು ಕೊಟ್ಟೆ.

ಆಮೇಲಿನ ನಿಮಿಷದಲ್ಲಿ ನಾನು ಸಭಾಂಗಣದಲ್ಲಿ ಇರಲಿಲ್ಲ.
ವಿದ್ಯಾನಗರದಲ್ಲಿದ್ದೆ, ಬಾಡಿಗೆ ಮನೆ ಹುಡುಕ್ತಾ.
ಏಳು ಗೇಟು. ಏಳೂ ಕಡೆ ನೀರು ಕೊಟ್ಟರು, ಕುರ್ಚಿ ಕೊಟ್ಟರು,
‘ನೀವು ಯಾವ ಪೈಕಿ’ ಅಂತ ಮೆತ್ತಗೆ ಕೇಳಿದರು,
‘ಮಗ ಬರ್ತಾನೆ, ಕೇಳಿ ಹೇಳ್ತೀವಿ’ ಅಂದರು.
ಆ ಏಳು ಮನೆ ಮಕ್ಕಳು ಇನ್ನೂ ಬಂದಿಲ್ಲ.
ವಾಗೀಶ, ಹೆಸರು ಕೇಳಿದೆಯಲ್ಲಪ್ಪ,
ನೀರು ಕೊಟ್ಟವರ ಹೆಸರು ಯಾವ ಬಾಯಲ್ಲಿ ಹೇಳಲಿ?

ಮಿಲ್ಲು ಮುಚ್ಚಿದ್ದು ಎಲ್ಲರಿಗೂ.
ಪಕ್ಕದ ಮಗ್ಗದವನಿಗೆ ಮಾವನ ಅಂಗಡಿ ಇತ್ತು,
ನಮ್ಮಪ್ಪನಿಗೆ ಮಾವನ ಸಾಲ ಇತ್ತು.
ಅಣ್ಣ ಕುಡಿಯೋದು ಕಲಿತದ್ದು ಆ ವರ್ಷವೋ
ಅದಕ್ಕೂ ಮುಂಚೆಯೋ,
ಎಷ್ಟು ಸಲ ಕೂಡಿದರೂ ಲೆಕ್ಕ ಹೊಂದಲ್ಲ.

ಗಡಿಯಾರ ನೋಡಿದರೆ
ಐದು ನಿಮಿಷ ದಾಟಿ ನಲವತ್ತು ಸೆಕೆಂಡು.
ಅವಳು ಇನ್ನೂ ಮಾತಾಡ್ತಿದ್ದಳು.
ಎರಡು ಪೆಟ್ಟು ಒಂದರ ಮೇಲೊಂದು ಬಿದ್ದವು.

ತೀರ್ಪುಗಾರರ ಕೈಗೂ ಗಡಿಯಾರ ಇರ್ತದೆ.
ಸಮಯ ಮೀರಿದ್ದಕ್ಕೆ ಎರಡು ಅಂಕ ಕಳೆದರು, ನಿಯಮ ಎಲ್ಲರಿಗೂ ಒಂದೇ.
ಒಂದಂಕದಲ್ಲಿ ಅವಳಿಗೆ ಎರಡನೇ ಬಹುಮಾನ, ಸ್ಟೀಲಿನ ಡಬ್ಬಿ.

ಸಂಜೆ ಗೇಟಿನ ಗಾಡಿ ಹತ್ರ ಇಬ್ಬರೂ ಮಂಡಕ್ಕಿ ಮೆಣಸಿನಕಾಯಿ ತಿಂತಿದ್ದರು.
“ತಡವಾಗಿ ಹೊಡೆದದ್ದು ನಾನಮ್ಮ,” ಅಂದೆ.
“ಬಿಡಿ ಅಂಕಲ್, ನಾನೇ ಟೈಮು ನೋಡ್ಕೋಬೇಕಿತ್ತು.”
ವಾಗೀಶ ಏನೋ ಹೇಳೋಕೆ ಬಾಯಿ ತೆಗೆದ,
ಖಾರ ನೆತ್ತಿಗೇರಿ ಕೆಮ್ಮಿದ.
ಅವಳೇ ನೀರಿನ ಬಾಟ್ಲಿ ಕೊಟ್ಟಳು.

ಪೊಟ್ಟಣದ ತಳದಲ್ಲಿ ಅರಳದ ನಾಲ್ಕು ಕಾಳು.
ಎಲ್ಲರ ಹಾಗೆ ಕೊಡವಿಬಿಡ್ತಾಳೆ ಅಂದುಕೊಂಡೆ.
ಒಂದನ್ನ ಹಲ್ಲಿನಡಿ ಇಟ್ಟು
ಕಡೀತಾ ನಿಂತಿದ್ದಳು,
ಬಸ್ಸು ಬರೋವರೆಗೂ.