ಹನ್ನೊಂದು ಸೆಕೆಂಡು

ಗ್ಯುಮ್ರಿಯಲ್ಲಿ ಜನವರಿ.
ಮುಚ್ಚಿಹೋದ ಕಾಲುಚೀಲದ ಕಾರ್ಖಾನೆಯ ಎರಡನೇ ಮಹಡಿ.
ಹೀಟರಿನ ಒಂದೇ ಕಂಬಿ ಕೆಂಪಗಿದೆ,
ಒಂಬತ್ತು ಜನ ಕೋಟು ಬಿಚ್ಚದೆ ಕೂತಿದ್ದಾರೆ.
ಹದಿಮೂರು ವರ್ಷದಿಂದ ನನ್ನದು ಇದೇ ಪಾಠ:
ಒಂದು ಯುದ್ಧಚಿತ್ರದ ಮೊದಲ ನಾಲ್ಕು ನಿಮಿಷ.
ಅರೆದು ಕುಡಿದಿದ್ದೇನೆ.
ಕಸುಬು ಗೊತ್ತಾದರೆ ಹೆದರಿಕೆ ಹೋಗುತ್ತೆ ಅಂತ
ಮೊದಲ ದಿನವೇ ಹೇಳಿಬಿಡುತ್ತೇನೆ.

"ನೋಡಿ, ಮೊದಲು ಕಾಣುವುದು ಕೈ.
ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುವ ಹೆಬ್ಬೆರಳು.
ಫೋಕಸ್ ಇರುವುದು ಆ ಉಗುರಿನಗಲ ಮಾತ್ರ,
ಅದರಾಚೆ ಮಂಜೋ ನದಿಯೋ ತಿಳಿಯದು.
ಶತ್ರು ಎಲ್ಲಿ? ತೋರಿಸುವುದಿಲ್ಲ.
ದೂರದ ಶಾಟ್ ಒಂದೂ ಇಲ್ಲ, ಬೇಕಾದರೆ ಎಣಿಸಿ.
ಕ್ಯಾಮೆರಾ ಮೊಣಕಾಲೆತ್ತರ. ನಾಯಿಯ ಎತ್ತರ.
ದೇವರ ಎತ್ತರವಲ್ಲ."
ಈ ಮಾತಿಗೆ ಪ್ರತಿವರ್ಷ ಯಾರಾದರೂ ಪೆನ್ನು ಎತ್ತಿಕೊಳ್ಳುತ್ತಾರೆ.
ಈ ಸಲ ಶೊಘೇರ್.

"ಷಟರ್ ಕಿರಿದು ಮಾಡಿದ್ದಾರೆ,
ಅದಕ್ಕೇ ಕೆಸರು ಹಾರಿದರೆ ಹನಿ ಹನಿ ಎಣಿಸಬಹುದು.
ಬಣ್ಣವನ್ನೆಲ್ಲ ತೊಳೆದು ಹಿಂಡಿ ಒಣಹಾಕಿ
ಹಸಿರನ್ನು ಉಳಿಸಿದ್ದು ಒಬ್ಬನ ಕೊರಳಿನ ಉಣ್ಣೆಪಟ್ಟಿಯಲ್ಲಿ.
ಕಣ್ಣು ಅವನ ಹಿಂದೆಯೇ ಹೋಗುತ್ತೆ,
ಹೋಗಲೆಂದೇ ಇಟ್ಟದ್ದು.
ಮೂಳೆ ಮುರಿದ ಸದ್ದು? ಸೆಲರಿ ದಂಟು.
ಸಂತೆಯಿಂದ ತಂದು ಮೈಕಿನ ಮುಂದೆ ಲಟಕ್ಕೆನಿಸಿದ್ದು."
ನಗು. ಪ್ರತಿವರ್ಷ ಇಲ್ಲಿ ನಗು.

ಆಮೇಲೆ ಶೆಲ್ ಬೀಳುತ್ತೆ.
ಕತ್ತರಿ ಇಲ್ಲ. ಕ್ಯಾಮೆರಾ ಪಕ್ಕಕ್ಕೆ ವಾಲುತ್ತೆ,
ಸದ್ದೆಲ್ಲ ಬಾವಿಗೆ ಬಿದ್ದ ಕೊಡದ ಹಾಗೆ ಗುಳುಗುಳು ಮುಳುಗಿ
ಮೇಲೆ ಒಂದೇ ಒಂದು ಸಿಳ್ಳು ತೇಲುತ್ತೆ.
"ಹನ್ನೊಂದು ಸೆಕೆಂಡು.
ಸಿಳ್ಳು ಸಣ್ಣಗಾಗುತ್ತೆ, ಗದ್ದಲ ವಾಪಸು ಬರುತ್ತೆ.
ಇಷ್ಟು ಹೊತ್ತು ನಾವು ಆ ಸೈನಿಕನ ಕಿವಿಯೊಳಗಿದ್ದೆವು.
ಇದಕ್ಕೆ ಏನನ್ನುತ್ತಾರೆ?"

"ಅದು ಅಷ್ಟು ದಪ್ಪ ಇರಲ್ಲ" ಅಂದ
ಹಿಂದಿನ ಸಾಲಿನಿಂದ ವಘಿನಾಕ್.

ಇಪ್ಪತ್ಮೂರು ವಯಸ್ಸು. ಮದುವೆಗಳಿಗೆ ವಿಡಿಯೊ ತೆಗೆಯುತ್ತಾನೆ.
ಯಾವಾಗಲೂ ಎಡಭುಜ ಗೋಡೆಗೆ ತಾಗಿಸಿಯೇ ಕೂರುತ್ತಾನೆ,
ಆ ಕಡೆಯಿಂದ ಯಾರೂ ಮಾತಾಡಿಸದಂತೆ.
ಯಾವ ಗುಡ್ಡ, ಎಷ್ಟು ದಿನ, ನಾನು ಕೇಳಿಲ್ಲ.
ಭೂಕಂಪ ಕಂಡ ಊರು ಇದು,
ಏನನ್ನು ಕೇಳಬಾರದೆಂದು ಮಕ್ಕಳಿಗೂ ಗೊತ್ತು.

"ಹಾಗಾದರೆ ತೋರಿಸು" ಅಂದೆ.
ಧ್ವನಿಕೋಣೆಯಲ್ಲಿ ಸೋವಿಯತ್ ಕಾಲದ ಆಸಿಲೇಟರ್ ಒಂದಿದೆ,
ಟ್ರಂಕಿನಷ್ಟು ಭಾರ. ಇಬ್ಬರು ಹೊತ್ತು ತಂದರು.
ಅವನು ಕಣ್ಣು ಮುಚ್ಚಿ ತಿರುಪು ತಿರುವಿದ.
ಮೂರು ಸಾವಿರ. ನಾಲ್ಕು. ಐದು.
ದಾಟಿ ಹೋಗಿ ಹಿಂದೆ ಬಂದ,
ಹಾಲು ಉಕ್ಕುವ ಮುನ್ನ ಉರಿ ತಗ್ಗಿಸುವವರ ಹಾಗೆ
ಕೂದಲೆಳೆಯಷ್ಟು ಈಚೆ, ಮತ್ತೆ ಅದರರ್ಧ ಆಚೆ.
"ಇದೇ."

ಮುಳ್ಳು ಆರು ಸಾವಿರದ ಇನ್ನೂರರ ಹತ್ತಿರ.

ಹನ್ನೊಂದು ಸೆಕೆಂಡು ದಾಟಿತು.
ಒಂದು ನಿಮಿಷ.
ಕೆಳಗೆ ಟೈರ್ ಅಂಗಡಿಯ ನಾಯಿ ಬೊಗಳತೊಡಗಿತು.
ಶೊಘೇರ್ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.
ನನ್ನ ಬಾಯಲ್ಲಿ ಚಮಚ ಕಚ್ಚಿದಂಥ ರುಚಿ.
ಮುಂದಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು,
ನಿರ್ದೇಶಕ ಹನ್ನೊಂದಕ್ಕೇ ಯಾಕೆ ನಿಲ್ಲಿಸಿದ,
ಹನ್ನೆರಡನೆಯದಕ್ಕೆ ಪ್ರೇಕ್ಷಕ ಹೇಗೆ ಕೆಮ್ಮುತ್ತಾನೆ ಎಂಬುದು.
ನುಂಗಿದೆ.
ಎರಡು ನಿಮಿಷಕ್ಕೆ ತಡೆಯಲಾರದೆ
ಗೋಡೆಯ ಸ್ವಿಚ್ಚು ಆರಿಸಿದೆ.

ಎಂಟು ಜನ ಒಟ್ಟಿಗೆ ಉಸಿರು ಬಿಟ್ಟರು.
ಹೀಟರಿನ ಚಿಟಿಚಿಟಿ ಮತ್ತೆ ಕೇಳಿಸಿತು. ನಾಯಿ ಸುಮ್ಮನಾಯಿತು.
ವಘಿನಾಕ್ ಮಾತ್ರ ಕಣ್ಣು ಮುಚ್ಚಿಯೇ ಇದ್ದ,
ತಿರುಪಿನ ಮೇಲೆ ಬೆರಳಿಟ್ಟುಕೊಂಡು.
ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದ:
"ಆರಿಸಿದಿರಾ?"