ಎಫ್ ಅಂತ ಬರದ ಬಾಟ್ಲಿ

ವೆರ್ಣಾ ಗುಡ್ಡದ ಮ್ಯಾಲ, ಔಷಧ ಕಂಪನಿಗಳ ನಡುವ
ಒಂದು ಹಳದಿ ಶೆಡ್ಡು. ಅದರೊಳಗ ನನ್ನ ಸಿಂಕು.
ದಿನಕ್ಕ ಇನ್ನೂರ ನಲವತ್ತು ಬಾಟ್ಲಿ,
ಕುತ್ತಿಗಿ ಸಣ್ಣವು, ಹೊಟ್ಟಿ ದೊಡ್ಡವು.
ಮೊದಲ ಸಾಬೂನು, ಆಮ್ಯಾಲ ಏಳು ಸಲ ನಳದ ನೀರು,
ಎಂಟನೇದು ಭಟ್ಟಿ ಇಳಿಸಿದ ನೀರು.
ಒಂದು ಹನಿ ಸಾಬೂನು ಉಳದರ
ಒಳಗಿನ ಜೀವ ಸಾಯ್ತಾವಂತ.

ಜೀವ ಅಂದ್ರ ಏನಂತೀರಿ,
ಹಳಸಿದ ಗಜ್ಜರಿ ಹಲ್ವಾ ಕಂಡಂಗ ಕಾಣ್ತೈತಿ.
ಬೇರಿಲ್ಲ, ಎಲಿ ಇಲ್ಲ, ದಂಟಿಲ್ಲ.
ಸಕ್ಕರಿ ನೀರಾಗ ಮೆತ್ತನ್ನ ಹರಳು ಹರಳು.
ಹಗಲೂ ರಾತ್ರಿ ಮಶೀನು ತೂಗಕೋಂತ ಇರ್ತೈತಿ,
ಗಡಗಡ, ಗಡಗಡ,
ಅಳದ ಕೂಸನ್ನ.

ಕ್ವಿತೇರಿಯಾ ಬಾಯಿ ಹೇಳ್ತಾಳ:
ಏಳು ವರ್ಷದ ಹಿಂದ, ಮಡಗಾಂವ ಸಂತ್ಯಾಗ,
ಬೆಳಗಾಂವಿ ಲಾರಿಯಿಂದ ಇಳದ ಒಂದು ಬೀಟ್‌ರೂಟು.
ಉಗುರಿನಷ್ಟು ಚೂರು ಇಲ್ಲಿಗೆ ಬಂತು,
ಉಳದದ್ದು ಆಕಿ ಅವ್ವ ಹೆಚ್ಚಿ ಉಂಡ್ಳು.
ಉಂಡ ತಾಟು ಒಣಗಿತು, ಉಂಡಾಕಿ ಹ್ವಾದವರ್ಷ ತೀರಿಹೋದ್ಲು,
ಆ ಬೀಟ್‌ರೂಟು ಇನ್ನೂ ಸತ್ತಿಲ್ಲ.
ಹದಿನಾಲ್ಕು ದಿನಕ್ಕೊಮ್ಮೆ ಬಾಟ್ಲಿ ಬದಲಿ,
ಒಂದು ಎರಡಾಗಿ, ಎರಡು ನಾಲ್ಕಾಗಿ.
ಬೈನಾ ದಂಡಿಮ್ಯಾಲ ನಾ ಮನಿ ಬದಲಿಸಿದ್ದು
ಹನ್ನೊಂದು ಸಲ. ಅದನ್ನ ಆಕಿಗೆ ಹೇಳಲಿಲ್ಲ.

"ಗೊಬ್ಬರ ಕಡಿಮಿ ಮಾಡಬೇಕು ಫಕೀರವ್ವಾ,
ಮ್ಯಾಲ ಬೆಳಕು ಬಿಟ್ಟು ಕಾಡಸಬೇಕು,
ಆವಾಗ ಬಣ್ಣ ಬಿಡ್ತೈತಿ."
ನಾ ನಕ್ಕೆ. ಹಂಗಾದ್ರ ಬೈನಾದ ಹೆಣಮಕ್ಕಳೆಲ್ಲ
ಇಷ್ಟೊತ್ತಿಗೆ ಕೆಂಪಾನ ಕೆಂಪು ಆಗಿರಬೇಕಿತ್ತು.
ಆಕಿ ನಗಲಿಲ್ಲ. ಪೆನ್ನಿನ ತುದಿ ಕಚ್ಚಿದಳು.

ಮಳಿ ಹಿಡದ ಎರಡನೇ ವಾರ
ಬಾಟ್ಲಿಗೊಳು ಒಂದೊಂದ ಬೆಳ್ಳಗಾದವು.
ಸತ್ತಿರಲಿಲ್ಲ. ಬೆಳೀತಿದ್ವು, ದಪ್ಪ ಆಗತಿದ್ವು,
ಬಣ್ಣ ಮಾತ್ರ ಮರತುಬಿಟ್ಟಿದ್ವು,
ನನ್ನ ಮಗಳು ಕನ್ನಡ ಅಕ್ಷರ ಮರತಂಗ.
ಪಣಜಿಯಿಂದ ಸಾಹೇಬ್ರ ಫೋನು, ಮ್ಯಾಲಿಂದ ಮ್ಯಾಲ.
"ಎಲ್ಲಾ ಕುಕ್ಕರಿಗೆ ಹಾಕು, ಬೇಯಿಸಿ ಚೆಲ್ಲು"
ಅಂದ್ಲು ಬಾಯಿ, ಚಾಳೀಸು ತಗದು.

ಆಳೆತ್ತರದ ಕುಕ್ಕರಿನ ಬಾಯಿ ತನಕ
ಟ್ರೇ ಹೊತ್ತು ಹೋದಾಕಿ ನಿಂತೆ.
ಒಂದು ಬಾಟ್ಲಿ ಬುಡದಾಗ
ಸಾಸಿವಿ ಕಾಳಿಗಿಂತ ಸಣ್ಣ ಚುಕ್ಕಿ.
ಕೆಂಪಲ್ಲ ಅದು, ಕೆಂಪಿನ ಆಚೆಕಿಂದು.
ಸಣ್ಣಾಕಿದ್ದಾಗ ರೋಣದ ಬದುವಿನ್ಯಾಗ
ಡಬಗಳ್ಳಿ ಹಣ್ಣು ತಿಂದು, ಮುಳ್ಳು ಚುಚ್ಚಿಸ್ಕೊಂಡು,
ಒಬ್ಬರಿಗೊಬ್ಬರು ನಾಲಗಿ ತೋರಸ್ತಿದ್ವಲ್ಲ,
ಆ ಬಣ್ಣ.

ಕರದೆ. ಒಂದ ಕಾಲಾಗ ಚಪ್ಪಲಿ, ಹಂಗ ಓಡಿ ಬಂದ್ಲು.
ಗಾಜಿನ ಪೆಟ್ಟಿಗ್ಯಾಗ ಕೈ ಇಟ್ಟು, ಚೂರಿ ಕಾಸಿ,
ಉಸರು ಬಿಗಿಹಿಡದು
ಆ ಚುಕ್ಕಿ ಅಷ್ಟ ಎತ್ತಿ ಹೊಸ ಬಾಟ್ಲ್ಯಾಗ ಇಟ್ಟು
ಮ್ಯಾಲ ಎಫ್ ಅಂತ ಬರದಳು.
ಫಕೀರವ್ವನೋ, ಫ್ರೈಡೇನೋ
(ಅವತ್ತು ಶುಕ್ರವಾರ ಇತ್ತು)
ನಾ ಕೇಳಲಿಲ್ಲ.

ಈಗ ಎಫ್ ಅನ್ನೂವು ನಾನೂರು ಬಾಟ್ಲಿ ಅದಾವ.
ತೊಳಿಯೂ ಕೆಲಸ ಹೆಚ್ಚಾತು, ಪಗಾರ ಹೆಚ್ಚಾಗಿಲ್ಲ.
ಮನ್ನೆ ಸಣ್ಣ ಕಪ್ಪಿನ್ಯಾಗ ಗುಲಾಬಿ ಮೊಸರು ಕೊಟ್ರು,
ಎಲ್ಲಾರೂ ರುಚಿ ನೋಡ್ರಿ ಅಂತ.
ನನಗ ಮಣ್ಣಿನ ವಾಸನಿ ಬಂತು, ಹಸೀ ಮಣ್ಣಿಂದು.
"ಸಾಧ್ಯ ಇಲ್ಲ, ಅದು ಮಣ್ಣು ಕಂಡ ಇಲ್ಲ" ಅಂದ್ರು ಸಾಹೇಬ್ರು.
ಬಾಯಿ ಮಾತ್ರ ಕಪ್ಪು ಮೂಗಿಗೆ ಹಿಡದು
ಮತ್ತೊಮ್ಮೆ ಮೂಸಿದ್ಲು, ಮತ್ತೊಮ್ಮೆ,
ನೋಟಬುಕ್ಕಿನ್ಯಾಗ ಏನೋ ಗೀಚಿದ್ಲು.

ಸಂಜಿಗೆ ಬೈನಾದಾಗ ಮಗಳಿಗೆ ಬರ್ಫದ ಗೋಳಾ ಕೊಡಸಿದೆ.
ಮಣಕೈ ತನಕ ಕೆಂಪು ಸೋರಿಸ್ಕೊಂಡು
ಕೊಂಕಣ್ಯಾಗ ಕೇಳ್ತಾಳ,
ಇದು ನಿನ್ನ ಬಣ್ಣೇನು ಅಂತ.
ಅಲ್ಲವ್ವಾ, ಇದು ಪಾಕೀಟಿಂದು. ನಂದು ಭಾಳ ತುಟ್ಟಿ.
ಕರಗಾಕತೈತಿ ನೋಡು,
ಲಗೂನ ತಿನ್ನು.