ದುರಸ್ತಿ ವರದಿ, ಎಂಟನೆಯ ಬೆಂಚು

ಫೆಬ್ರವರಿ. ನದಿ ಹೆಪ್ಪುಗಟ್ಟಿ
ಕಾರ್ಖಾನೆಯ ಕಿಟಕಿಗಳಿಗೆ ಕೆಳಗಿನಿಂದ ಬೆಳಕೆಸೆಯುವ ತಿಂಗಳು.
ನ್ಯೂ ಹ್ಯಾಂಪ್‌ಶೈರಿನ ಈ ಕಟ್ಟಡದಲ್ಲಿ
ನನ್ನಜ್ಜಿಯ ಕಾಲಕ್ಕೆ ನೂಲು ತೆಗೆಯುತ್ತಿದ್ದರು,
ಈಗ ರಿವಾಲ್ವರು.
ನಾನು ಲೂಸಿಯೆನ್ ಗೊಡ್ರೋ.
ಹುಷಾರಿಲ್ಲದ್ದೆಲ್ಲ ನನ್ನ ಬೆಂಚಿಗೆ ಬರುತ್ತದೆ.

ಇದು ಮೊಂಟಾನಾದ ಪೆಟ್ಟಿಗೆ.
ಒಳಗೊಂದು ಉಣ್ಣೆಯ ಕಾಲುಚೀಲ, ಅದರೊಳಗೆ
ಮೂವತ್ತೆಂಟರ ಹಳೆಯ ಮಾದರಿ, ಆರು ಗುಂಡಿನದು.
ಫಾರಮ್ಮಿನಲ್ಲಿ 'ದೂರು' ಎಂಬ ಚೌಕ ಬೆಂಕಿಪೊಟ್ಟಣದಷ್ಟು.
ಆರ್ಡಿಸ್ ಸ್ಕೋಗನ್ ಎಂಬಾಕೆ ಅದನ್ನು ದಾಟಿ ಅಂಚಿಗೆ,
ಅಂಚು ದಾಟಿ ಹಿಂಬದಿಗೆ ಬರೆದಿದ್ದಾಳೆ:

"ಮೊದಲ ದಿನ ನಿಮ್ಮ ಫೋನಿನಲ್ಲಿ ಐವತ್ತು ನಿಮಿಷ ಪಿಟೀಲು ಕೇಳಿದೆ.
ಎರಡನೆಯ ದಿನ ಒಬ್ಬ ಹುಡುಗ:
ಯಾವ ಕಂಪನಿಯ ಗುಂಡು? ಎಷ್ಟು ಹಳೆಯದು? ಎಣ್ಣೆ ಹಾಕಿದ್ದಿರಾ?
ಮೂರನೆಯ ದಿನ ಪೌಲೆಟ್. ಅವಳು 'ಹೇಳಿ' ಎಂದಳು, ಅಷ್ಟೇ.
ಅದಕ್ಕೇ ಬರೆಯುತ್ತಿದ್ದೇನೆ.

ಕುದುರೆಯ ಹೆಸರು ಬಿಸ್ಕಿಟ್. ಇಪ್ಪತ್ತೇಳು ವರ್ಷ.
ಹಿಮದಡಿಯ ಬಿಲಕ್ಕೆ ಕಾಲು ಸಿಕ್ಕಿ ಮುರಿಯಿತು.
ಹಣೆಗೆ ಗುರಿಯಿಟ್ಟು ಒತ್ತಿದೆ. ಟಿಕ್.
ಅದು ಕಿವಿ ನಿಮಿರಿಸಿತು.
ಸಕ್ಕರೆ ಡಬ್ಬಿಯ ಮುಚ್ಚಳದ್ದೂ ಅದೇ ಸದ್ದು ನೋಡಿ.
ಮತ್ತೆ ಒತ್ತಿದೆ. ಟಿಕ್.
ಪಕ್ಕದ ರ‍್ಯಾಂಚಿನಿಂದ ರೈಫಲ್ ತರಲು ನಲವತ್ತು ನಿಮಿಷ.
ಆ ನಲವತ್ತನ್ನು ಯಾವ ಚೌಕದಲ್ಲಿ ತುಂಬಲಿ?

ನನ್ನ ಬೆರಳಿಗೆ ಸಂಧಿವಾತ. ಇದು ಮರ್ಲ್ ಕೊಡಿಸಿದ್ದು.
ಅಕ್ಟೋಬರಿನಲ್ಲಿ ಅವನು ಹೋದ."

ಖಾಲಿ ಟ್ರಿಗರ್ ಎಳೆದಾಗಲೇ ಅನುಮಾನ.
ಇಷ್ಟು ಹಗುರವಾಗಿ ನಾವು ಕಳಿಸುವುದಿಲ್ಲ.
ಹಿಡಿ ಬಿಚ್ಚಿದೆ.
ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಕ್ರೂ
ಅರ್ಧ ಅಕ್ಕಿಕಾಳಿನಷ್ಟು ಗಿಡ್ಡ.
ತುದಿಯಲ್ಲಿ ಅರದ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ,
ಆತುರವಿಲ್ಲದ ಕೈ.
ಗಂಟುಬಿದ್ದ ಬೆರಳಿಗೆ ನೋವಾಗದಿರಲೆಂದು ಯಾರೋ
ಸ್ವಲ್ಪ, ಇನ್ನು ಸ್ವಲ್ಪ, ಇನ್ನೊಂದು ಚೂರು ಉಜ್ಜಿದ್ದಾರೆ.
ಬೇಸಗೆಯಲ್ಲಿ ಹೇಗೋ ನಡೆದೀತು. ಚಳಿಗೆ ಎಣ್ಣೆ ಗಟ್ಟಿಯಾದಾಗ
ಸುತ್ತಿಗೆಗೆ ಕಸುವು ಸಾಲದು,
ಗುಂಡಿನ ಬೆನ್ನಿಗೆ ಬರೀ ಒಂದು ಗುಳಿ.

ಅರ ತಾಗಿದ್ದರೆ ವಾರಂಟಿ ಇಲ್ಲ.
ಕಾರಣ ಬರೆಯಬೇಕು, ಫೋಟೋ ಲಗತ್ತಿಸಬೇಕು,
ನಲವತ್ತೊಂದು ಡಾಲರಿನ ಬಿಲ್ಲು ಕಳಿಸಬೇಕು.

ಕಾರಣ ಎಂಬ ಚೌಕದ ಮುಂದೆ ಕೂತೆ.
ಕಾಫಿ ಆರಿತು.
'ಸ್ಪ್ರಿಂಗಿನ ದೋಷ. ಕಂಪನಿಯದು. ಶುಲ್ಕವಿಲ್ಲ,' ಎಂದು ಬರೆದೆ.

ಊಟದ ಬಿಡುವಿನಲ್ಲಿ ಸಾಣೆಕಲ್ಲು ತೆಗೆದೆ.
ಕೆಲಸ ಕಲಿಸಿದ ಮುದುಕ ಬೈಯುತ್ತಿದ್ದ:
ಹಗುರ ಬೇರೆ, ನಯ ಬೇರೆ, ಕತ್ತೆ!
ಉಕ್ಕು ಉಕ್ಕನ್ನು ಸವರುವ ಅಂಚುಗಳನ್ನಷ್ಟೇ,
ಸ್ಪ್ರಿಂಗಿನ ತಂಟೆಗೆ ಹೋಗದೆ,
ಮೂರು ದಿನದ ಮೂರು ಬಿಡುವು.
ಕೊನೆಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.
ಹಗುರವಾಗಲಿಲ್ಲ, ಅದು ನನ್ನ ಕೈಲಿಲ್ಲ.
ಎಪ್ಪತ್ತೆರಡು ಗುಂಡು ಹಾರಿಸಿದೆ. ಎಪ್ಪತ್ತೆರಡು ಸದ್ದು.
ಕಾಲುಚೀಲದೊಳಗೆ ಮತ್ತೆ ತೂರಿಸಿ ಕಳಿಸಿದೆ.

ಏಪ್ರಿಲಿನಲ್ಲಿ ಲಕೋಟೆ. ನಲವತ್ತೊಂದು ಡಾಲರಿನ ಚೆಕ್ಕು.
"ಪೌಲೆಟ್‌ಳನ್ನು ಕೇಳಿ ದರ ತಿಳಿದುಕೊಂಡೆ.
ಬಿಗಿಯಿದೆ, ಆದರೂ ಎರಡು ಬೆರಳು ಹಾಕಿ ಎಳೆಯಬಲ್ಲೆ.
ತಪ್ಪು ಕಂಪನಿಯದು ಅಂದಿರಿ.
ಅಡುಗೆಮನೆಯ ಮೇಜಿನ ಮೇಲೆ ಅರ ಹಾಕಿದವನು ಮರ್ಲ್,
ದೀಪ ಹಿಡಿದವಳು ನಾನು,
ಇನ್ನೊಂದು ಚೂರು ಅಂದವಳೂ ನಾನೇ.
ಆ ಸ್ಕ್ರೂ ಎಸೆದಿಲ್ಲದಿದ್ದರೆ ಕಳಿಸಿ."

ಪೌಲೆಟ್ ಮೊದಲ ಸಲ ಮೆಟ್ಟಿಲಿಳಿದು ಕೆಳಗೆ ಬಂದಳು.
ಮುಗಿದ ಕೆಲಸಕ್ಕೆ ಹಣ ಜಮಾ ಮಾಡಲು
ಕಂಪ್ಯೂಟರಿನಲ್ಲಿ ಜಾಗವಿಲ್ಲವಂತೆ.
ಗುಜರಿ ಡಬ್ಬಿಯನ್ನು ಬೆಂಚಿನ ಮೇಲೆ ಬೋರಲು ಹಾಕಿದೆ,
ಮೂರು ತಿಂಗಳ ಸ್ಕ್ರೂಗಳು, ಒಂದರ ಹಾಗೆ ಒಂದು.
ಇತ್ತ ಹಿಡಿ, ಎಂದೆ. ಅವಳು ದೀಪ ಬಗ್ಗಿಸಿದಳು.
ಒಂದೊಂದನ್ನೇ ಎತ್ತಿ ತುದಿ ನೋಡುತ್ತ ಹೋದೆವು.